ಒಂದು ಕೊಂಬಿನ ದೂರ

ಮಾನ್ಯ ಅಧ್ಯಕ್ಷರೇ, ಬೀದಿ ಸಂಗೀತೋತ್ಸವ ಸಮಿತಿಯ ಕಾರ್ಯದರ್ಶಿಯವರೇ, ವೇದಿಕೆಯ ಮೇಲಿರುವ ಗಣ್ಯರೇ, ಮೊದಲೇ ಬಂದು ಫ್ಯಾನಿನ ಕೆಳಗೆ ಜಾಗ ಹಿಡಿದಿರುವ ಜಾಣರೇ, ಹಿಡಿಯಲಾಗದೆ ಬೆವರುತ್ತಿರುವ ಇತರ ಸಭಿಕರೇ,

ಅಧ್ಯಕ್ಷರು ನನ್ನ ಬಗ್ಗೆ ಏಳು ನಿಮಿಷ ಮಾತನಾಡಿದರು. ಏಳು ನಿಮಿಷಕ್ಕಾಗುವಷ್ಟು ವಿಷಯ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಈ ಫಲಕದಲ್ಲಿ ‘ಎಚ್ಚೆತ್ತ ನಾಗರಿಕ’ ಎಂದು ಬರೆಸಿದ್ದೀರಿ. ನಾನು ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವನು. ಯಾರು ಏನೇ ಕೊಟ್ಟರೂ ಮೊದಲು ಅದರಲ್ಲಿ ತಪ್ಪು ಹುಡುಕುತ್ತೇನೆ. ಇದರಲ್ಲಿ ಅಕ್ಷರದ ತಪ್ಪಿಲ್ಲ. ತಪ್ಪು ಬೇರೆ ಕಡೆ ಇದೆ, ಅದನ್ನು ಹೇಳಲೆಂದೇ ಇವತ್ತು ಇಲ್ಲಿಗೆ ಬಂದೆ.

ನನ್ನ ಮನೆ ನಿಮಗೆಲ್ಲ ಗೊತ್ತು. ಸಮುದ್ರದಿಂದ ಮೇಲಕ್ಕೆ ಬರುವ ಬೀದಿಯಲ್ಲಿ, ಔಷಧದ ಅಂಗಡಿಯ ಮೇಲಿನ ಮಹಡಿ. ಬೇಸಿಗೆಯಲ್ಲಿ ನಾಲ್ಕು ದಿನ ಆ ಬೀದಿಗೆ ವಾಹನ ಬಿಡುವುದಿಲ್ಲ. ಟಿಕೆಟ್ ಇಲ್ಲ, ಪಾಸ್ ಇಲ್ಲ, ಯಾರು ಬೇಕಾದರೂ ಬಂದು ನಿಂತು ಕೇಳಬಹುದು. ವೇದಿಕೆ ಸರಿಯಾಗಿ ನನ್ನ ಕಿಟಕಿಯ ಕೆಳಗೆ. ಅದರ ಬಗ್ಗೆ ಹನ್ನೆರಡು ವರ್ಷ, ಹನ್ನೆರಡು ದೂರು ಬರೆದವನು ನಾನು. ಕೊನೆಗೂ ಸಮಿತಿ ಮನಸ್ಸು ಮಾಡಿ, ಈ ಸಲದಿಂದ ವೇದಿಕೆಯನ್ನು ಕಡಲ ದಂಡೆಗೆ ಸಾಗಿಸುತ್ತಿದೆ. ಅಧ್ಯಕ್ಷರು ಹಾಗೆಂದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಸಂಕೋಚಕ್ಕೆ ನಾನೂ ತಟ್ಟಿದೆ.

ಮೊದಲನೆಯ ದೂರು ನಿಜವಾದ ದೂರು. ಆಗ ನನ್ನ ಹೆಂಡತಿ ಕಾಯಿಲೆ ಬಿದ್ದಿದ್ದಳು. ನಿದ್ದೆ ಮುಖ್ಯ ಎಂದು ಡಾಕ್ಟರು ಹೇಳಿದ್ದರು. ನಾನು ಕಿಟಕಿ ಮುಚ್ಚಿ, ಸಂದಿಗೆ ಟವೆಲ್ ತುರುಕಿ, ಎರಡು ಪುಟ ಬರೆದು ಕಳಿಸಿದೆ. ಅವಳು ಮಲಗಿದಲ್ಲಿಂದಲೇ, “ಏನ್ರೀ, ಆ ಕಿಟಕಿ ಒಂಚೂರು ತೆಗೀರಿ. ಪಿಟೀಲಿನೋನು ಇನ್ನೂ ಬಾರಿಸ್ತಿದ್ದಾನಾ?” ಎಂದಳು. “ಸುಮ್ನೆ ಮಲಕ್ಕೋ, ನಾಳೆ ತೆಗೀತೀನಿ” ಎಂದೆ. ಮೂರು ದಿನ ಹಾಗೇ ನಾಳೆ ನಾಳೆ ಎಂದೆ. ಐದನೆಯ ದಿನ ತೆಗೆದಾಗ ಕೆಳಗೆ ಬೀದಿ ಗುಡಿಸುತ್ತಿದ್ದರು. ಮುಂದಿನ ಬೇಸಿಗೆಗೆ ಅವಳಿರಲಿಲ್ಲ.

ಕ್ಷಮಿಸಿ, ಇದನ್ನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿರಲಿಲ್ಲ.

ನಿಮ್ಮ ಸಮಿತಿಯದೊಂದು ಒಳ್ಳೆಯ ನಿಯಮವಿದೆ. ಯಾರೇ ದೂರು ಕೊಡಲಿ, ಮೂರು ದಿನದೊಳಗೆ ಒಬ್ಬರು ಅವರ ಮನೆಗೇ ಹೋಗಿ ಉತ್ತರ ಹೇಳಬೇಕು. ಆ ಮೊದಲ ಸಲ ಬಂದವರು ಈ ಕಾರ್ಯದರ್ಶಿಯವರು. ಬಾಗಿಲಲ್ಲೇ ನಿಂತು, “ಅಂಕಲ್, ಬೈಯೋದಿದ್ರೆ ಎದುರಿಗೇ ಬೈದ್ಬಿಡಿ, ಅದಕ್ಕೇ ಬಂದಿದ್ದೀನಿ” ಎಂದರು. ಬೈಯಲು ಬಾಯಿ ಬರಲಿಲ್ಲ, ಚಹಾ ಕೊಟ್ಟೆ. ಮರುವರ್ಷ ಉತ್ಸವ ಬಂತು. ಅಷ್ಟರಲ್ಲಿ ನನ್ನ ಕೆಲಸವೂ ಮುಗಿದಿತ್ತು. ಔಷಧದ ಅಂಗಡಿಯವರ ಹತ್ತಿರ “ಚಿಲ್ಲರೆ ಇದೆ” ಎಂದದ್ದು ಬಿಟ್ಟರೆ ವಾರಗಟ್ಟಲೆ ನನ್ನ ಗಂಟಲಿಗೆ ಕೆಲಸವಿರಲಿಲ್ಲ. ಮನೆಗೆ ಒಬ್ಬರು ಬರಬೇಕಾದರೆ ಏನು ಮಾಡಬೇಕು? ಕಾಗದ ತೆಗೆದು ದೂರು ಬರೆದೆ. ಮೂರನೆಯ ದಿನ ಬಾಗಿಲು ಬಡಿದ ಸದ್ದಾಯಿತು.

ಹೌದು ಸಭಿಕರೇ, ಉಳಿದ ಹನ್ನೊಂದು ದೂರುಗಳ ಕಥೆ ಇಷ್ಟೇ.

ಅವುಗಳಲ್ಲಿ ನಾನು ಏನೇನು ಬರೆದೆ ಎಂದು ಯಾರಾದರೂ ಗಮನವಿಟ್ಟು ಓದಿದ್ದೀರಾ? ಎರಡನೆಯ ದಿನದ ಡ್ರಮ್ಮಿನವರು ತಾಳ ತಪ್ಪಿದರು ಎಂದು ಬರೆದೆ. ಅಕಾರ್ಡಿಯನ್ ಬಾರಿಸುವಾಕೆ ಅದೇ ಹಾಡನ್ನು ನಾಲ್ಕು ಸಲ ಬಾರಿಸಿದರು ಎಂದು ಬರೆದೆ. ಪಿಟೀಲಿನವರು ಚಪ್ಪಲಿ ಬಿಚ್ಚಿ, ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆಯುತ್ತಾ ಬಾರಿಸುವುದು ಸಭ್ಯತೆಯಲ್ಲ ಎಂದು ಬರೆದೆ. ನಮ್ಮ ಔಷಧದ ಅಂಗಡಿಯವರು ಅಂಗಡಿ ಬಿಟ್ಟು ಕುಣಿಯುತ್ತಾರೆ, ಗಿರಾಕಿಗಳೂ ಕೆಮ್ಮುತ್ತಲೇ ಅವರ ಜೊತೆ ಕುಣಿಯುತ್ತಾರೆ ಎಂದೂ ಬರೆದೆ. ಕಿಟಕಿ ಮುಚ್ಚಿ ಕೂತವನಿಗೆ ಇದೆಲ್ಲ ಹೇಗೆ ಗೊತ್ತಾಯಿತು? ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲವಲ್ಲ! ಕಿಟಕಿ ಪೂರ್ತಿ ತೆಗೆದಿರುತ್ತಿತ್ತು. ನನ್ನ ಹೆಂಡತಿಯ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ನಾಲ್ಕು ದಿನವೂ ಅಲ್ಲೇ ಕೂತಿರುತ್ತಿದ್ದೆ. ವರ್ಷದಲ್ಲಿ ಆ ನಾಲ್ಕು ದಿನ ನಾನು ಬದುಕಿರುತ್ತಿದ್ದೆ.

ಈಗ ತಪ್ಪಿನ ವಿಷಯ. ಬರಬರುತ್ತಾ ನನ್ನ ದೂರು ಚಿಕ್ಕದಾಯಿತು, ಚಹಾದ ಹೊತ್ತು ದೊಡ್ಡದಾಯಿತು. ಹೋದ ವರ್ಷ ದೂರಲು ಏನೂ ಸಿಗದೆ, ತಮಾಷೆಗೆ ಒಂದೇ ಸಾಲು ಬರೆದೆ: ‘ವಿಷಯ, ವೇದಿಕೆ. ಮುಂದಿನ ವರ್ಷಕ್ಕೆ ದೂರು ಇರಲಿ.’ ಓದಿ ಕಾರ್ಯದರ್ಶಿಯವರು ನಗುತ್ತಾ ಬರುತ್ತಾರೆ ಎಂದುಕೊಂಡು ಬಿಸ್ಕತ್ತು ತಂದಿಟ್ಟೆ. ಎರಡು ಲೋಟ ತೊಳೆದಿಟ್ಟೆ. ಮೂರು ದಿನ ಕಾದೆ. ನಾಲ್ಕನೆಯ ದಿನವೂ ಕಾದೆ. ಯಾರೂ ಬರಲಿಲ್ಲ. ಆಮೇಲೆ ಅಂಚೆಯಲ್ಲಿ ಉತ್ತರ ಬಂತು: ‘ವೇದಿಕೆ ದೂರ ಇರಲಿ ಎಂಬ ತಮ್ಮ ಕೋರಿಕೆಯನ್ನು ಸಮಿತಿ ಒಪ್ಪಿದೆ.’ ಜೊತೆಗೆ ನನ್ನ ಕಾಗದದ ಪ್ರತಿ. ನೋಡುತ್ತೇನೆ, ‘ರು’ ಎಂದು ಬರೆಯಬೇಕಾದಲ್ಲಿ ಕೊಂಬು ಬಿಟ್ಟುಹೋಗಿದೆ. ಈಚೆಗೆ ಕೈ ನಡುಗುತ್ತದೆ. ದೂರು ಹೋಗಿ ದೂರ ಆಗಿದೆ! ಕೋರಿಕೆಗೆ ಮನೆಗೆ ಬಂದು ಉತ್ತರ ಹೇಳುವ ನಿಯಮವಿಲ್ಲವಲ್ಲ. ಊರಿನವರ ತಪ್ಪನ್ನೆಲ್ಲ ತಿದ್ದಿದವನು ನನ್ನ ಒಂದು ಸಾಲನ್ನು ತಿರುಗಿ ಓದಲಿಲ್ಲ.

ಬಂದು ಆಗಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಏನೆಂದು ಹೇಳಲಿ? ನನಗೆ ಆ ಗಲಾಟೆ ಬೇಕು ಎಂದೇ? ಮನೆಯಲ್ಲಿ ಒಬ್ಬನಿಗೇ ಇರಲಾಗುವುದಿಲ್ಲ ಎಂದೇ? ಒಬ್ಬರ ಮುಂದೆ ಹೇಳಲು ನಾಚಿಕೆಯಾಗಿ ವರ್ಷವಿಡೀ ಬಾಯಿ ಮುಚ್ಚಿಕೊಂಡವನು, ಇವತ್ತು ಮುನ್ನೂರು ಜನರ ಮುಂದೆ ಮೈಕಿನಲ್ಲಿ ಹೇಳುತ್ತಿದ್ದೇನೆ. ಕಾರ್ಯದರ್ಶಿಯವರೇ, ತಲೆ ತಗ್ಗಿಸಬೇಡಿ. ನೀವು ಇದ್ದದ್ದನ್ನು ಇದ್ದಂತೆ ಓದಿದಿರಿ.

ವೇದಿಕೆಯ ಹಲಗೆಗಳು ನಾಳೆ ಬರುತ್ತವಂತೆ. ದಂಡೆಯಲ್ಲಿ ಜಾಗ ದೊಡ್ಡದು, ಗಾಳಿ ಚೆನ್ನಾಗಿದೆ, ಎಲ್ಲ ನಿಜ. ಇನ್ನು ನಿರ್ಧಾರ ನಿಮ್ಮದು. ನೀವು ಕೊಟ್ಟ ಗೌರವಕ್ಕೆ, ಇಷ್ಟು ಹೊತ್ತು ಕೇಳಿದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಕೂರುವ ಮೊದಲು ಈ ಕಾಗದವನ್ನು ಅಧ್ಯಕ್ಷರ ಕೈಗೆ ಕೊಡುತ್ತೇನೆ. ಹದಿಮೂರನೆಯದು. ‘ವಿಷಯ, ವೇದಿಕೆ. ಕಿಟಕಿಯಿಂದ ಏನೂ ಕೇಳಿಸುವುದಿಲ್ಲ.’ ಈ ಸಲ ಮೂರು ಬಾರಿ ಪ್ರೂಫ್ ನೋಡಿದ್ದೇನೆ, ಒಂದು ತಪ್ಪೂ ಇಲ್ಲ. ಇದು ದೂರು. ನಿಯಮದಂತೆ ಮೂರು ದಿನದೊಳಗೆ ಯಾರಾದರೂ ಮನೆಗೆ ಬರಬೇಕು. ನಾನು ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲೇ ಇರುತ್ತೇನೆ.

ನಮಸ್ಕಾರ.