ಹಿಂದಿನ ದಿನ ಚಿಮುಕಿಸಿದ ನೀರು

ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಮಾನ್ಯ ಅಧ್ಯಕ್ಷರೇ, ನನಗೇ ನನ್ನ ಗುರುತು ಸಿಗದಷ್ಟು ಹೊಗಳಿದ ಮುಖ್ಯ ಅತಿಥಿಗಳೇ, ಪ್ರಯೋಗಾಲಯದ ಸಹೋದ್ಯೋಗಿಗಳೇ, ಪ್ರೀತಿಯ ಸಭಿಕರೇ,

ನಿವೃತ್ತಿಯ ದಿನ ವಿನಯದಿಂದ ಮಾತನಾಡಬೇಕಂತೆ. ನನ್ನಿಂದ ಆಗದು. ನನಗೆ ಹೆಮ್ಮೆಯಿದೆ. ಹಳೆಯ ಬಟ್ಟೆಯನ್ನು ಬಿಡಿಸಿ ಮತ್ತೆ ಹತ್ತಿಯ ಎಳೆ ಮಾಡುವುದು, ಆ ಎಳೆಯಿಂದ ಮತ್ತೆ ನೂಲು ತೆಗೆಯುವುದು ಹೇಳಿದಷ್ಟು ಸುಲಭವೇ? ಚಿಂದಿಯನ್ನು ಮುಳ್ಳಿನ ಉರುಳೆಗೆ ಕೊಟ್ಟರೆ ಎಳೆ ತುಂಡುತುಂಡಾಗುತ್ತದೆ. ತುಂಡು ಎಳೆ ದಿಂಬಿಗೆ ತುಂಬಲು ಸರಿ, ನೂಲಿಗೆ ಬಾರದು. ಹದಿನಾಲ್ಕು ವರ್ಷ ನಾವು ದಿಂಬನ್ನೇ ತುಂಬಿದೆವು. ಇಂದು ಅಧ್ಯಕ್ಷರು ತೊಟ್ಟಿರುವ ಅಂಗಿ, ಯಾರೋ ಮೂವರು ತೊಟ್ಟು ಬಿಸಾಡಿದ ಬಟ್ಟೆಯಿಂದ ಆದದ್ದು. ಹೆದರಬೇಡಿ ಸರ್, ಒಗೆದಿದ್ದೇವೆ.

ನಾನೊಂದು ಕಿಣ್ವದ ದ್ರಾವಣ ತಯಾರಿಸಿದ್ದೆ. ಬಟ್ಟೆಯನ್ನು ಅದರಲ್ಲಿ ನೆನೆಸಿ ಚೆನ್ನಾಗಿ ಒಣಗಿಸುತ್ತಿದ್ದೆವು. ಆಮೇಲೆ ಗುಂಡಿ ಕಿತ್ತು, ಹೊಲಿಗೆ ಬಿಚ್ಚಿ, ಚೂರು ಮಾಡಲು ಒಬ್ಬರು ಬೇಕಿತ್ತು. ನಮ್ಮ ಅತ್ತಿಗೆಯನ್ನು ಕರೆತಂದೆ. ಅಣ್ಣನ ಹೆಂಡತಿ, ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವರು. ಇಪ್ಪತ್ತಾರು ವರ್ಷ ಚಿಂದಿ ಗೋದಾಮಿನಲ್ಲಿ ದುಡಿದವರು. ಆ ಕೂಲಿಯಲ್ಲೇ ನಾನು ಓದಿದೆ. ಮನೆಯಲ್ಲಿ ಏನು ಕೆಲಸ ಎಂದು ಗೆಳತಿಯರು ಕೇಳಿದರೆ ಬಟ್ಟೆ ವ್ಯಾಪಾರ ಎನ್ನುತ್ತಿದ್ದೆ. ಇದು ನಾನು ಬರೆದು ತಂದ ಹಾಳೆಯಲ್ಲಿ ಇಲ್ಲ. ಇರಲಿ.

ಆ ವರ್ಷ ಎಳೆ ಉದ್ದುದ್ದ ಬರತೊಡಗಿತು. ಎಲ್ಲ ನನ್ನ ಕಿಣ್ವದ ಮಹಿಮೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪ್ರಬಂಧ ಬರೆದೆ, ಅಚ್ಚೂ ಆಯಿತು. ಅಷ್ಟರಲ್ಲಿ ಅತ್ತಿಗೆ ಮಗಳ ಬಾಣಂತನಕ್ಕೆಂದು ರಜೆ ಹಾಕಿದರು. ಮರುವಾರದಿಂದಲೇ ಎಳೆ ಮತ್ತೆ ತುಂಡು. ಕಿಣ್ವ ಬದಲಿಸಿದೆ, ಉರುಳೆ ಬದಲಿಸಿದೆ, ಸಹಾಯಕರನ್ನು ಬೈದೆ. ಅವರಲ್ಲಿ ಇಬ್ಬರು ಇಲ್ಲೇ ಕೂತು ನಗುತ್ತಿದ್ದಾರೆ. ಏನು ಮಾಡಿದರೂ ಜಗ್ಗಲಿಲ್ಲ. ಎರಡು ತಿಂಗಳ ಮೇಲೆ ಅತ್ತಿಗೆ ಬಂದರು, ಎಳೆಯೂ ಬಂತು.

ಏನು ಮಾಡುತ್ತೀರಿ ಎಂದು ಆ ದಿನ ಮೊದಲ ಸಲ ಅವರನ್ನು ಕೇಳಿದೆ.

"ಒಣ ಚಿಂದಿ ಎಳೆದ್ರೆ ನೂಲು ಸಾಯುತ್ತೆ ಕಣೆ. ಅದಕ್ಕೇ ಹಿಂದಿನ ದಿನಾನೇ ಸೋಪಿನ ನೀರು ಚಿಮುಕ್ಸಿ, ಗೋಣಿಚೀಲ ಮುಚ್ಚಿಡ್ತೀನಿ. ಗೋದಾಮಲ್ಲಿ ಎಲ್ಲರಿಗೂ ಗೊತ್ತು. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನೂ ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಅಂಕವೂ ಬಂದಿತ್ತು. ಎರಡನೆಯ ಪ್ರಬಂಧದಲ್ಲಿ ತಪ್ಪು ತಿದ್ದಿದೆ. ವಿಧಾನವನ್ನು ಮಾತ್ರ ತಿದ್ದಿದೆ. ಸೋಪಿನ ನೀರಿನ ಪ್ರಮಾಣವನ್ನು ಹನಿ ಲೆಕ್ಕದಲ್ಲಿ ಬರೆದೆ, ಚಿಮುಕಿಸಿದ ಕೈ ಯಾರದೆಂದು ಬರೆಯಲಿಲ್ಲ. ಚಿಂದಿ ಆಯುವವರ ಹೆಸರು ಹಾಕಿದರೆ ದೊಡ್ಡವರು ನಕ್ಕಾರು ಎಂದು ಅಂಜಿದೆ. ನಾಚಿಕೆಯಾಗುತ್ತದೆ ಸಭಿಕರೇ, ಇಂದಿಗೂ ಆಗುತ್ತದೆ.

ನೀವು ಈಗಷ್ಟೇ ಕೊಟ್ಟ ಈ ಸನ್ಮಾನದ ಫಲಕವನ್ನು ನಿನ್ನೆಯೇ ಕಚೇರಿಯಲ್ಲಿ ನೋಡಿದ್ದೆ. ಆಗಲೇ ಹೇಳಬಹುದಿತ್ತು, ಹೇಳಲಿಲ್ಲ. ಈಗ ಕೈಯಲ್ಲಿ ಹಿಡಿದು ನೋಡಿದರೆ ನನ್ನ ಹೆಸರಿನ ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿಯಿದೆ. ಮೇಲೆ ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು. ಅಧ್ಯಕ್ಷರೇ, ಅಲ್ಲಿ ನಮ್ಮ ಅತ್ತಿಗೆಯ ಹೆಸರು ಕೆತ್ತಿಸಿಕೊಡುವವರೆಗೆ ನಾನಿದನ್ನು ಮನೆಗೆ ಒಯ್ಯುವುದಿಲ್ಲ. ಅವರು ಯಾರೆಂದು ಹುಡುಕುತ್ತಿದ್ದೀರಾ? ಮೂರನೆಯ ಸಾಲಿನ ತುದಿಯಲ್ಲಿ, ಕುರ್ಚಿಯ ಹೊದಿಕೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಾರಲ್ಲ, ಅವರೇ. ಅದರಲ್ಲಿ ಹತ್ತಿ ಎಷ್ಟಿದೆ ಎಂದು ಆಮೇಲೆ ಕೇಳಿ, ಸರಿಯಾಗಿ ಹೇಳುತ್ತಾರೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ಅತ್ತಿಗೆ, ತಲೆ ತಗ್ಗಿಸಬೇಡಿ, ಎದ್ದು ನಿಲ್ಲಿ. ಇಷ್ಟು ವರ್ಷ ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಇವತ್ತಿನ ನಮಸ್ಕಾರ ಮೊದಲು ನಿಮಗೆ, ಆಮೇಲೆ ಸಭೆಗೆ.