ಚನ್ನಾಜಮ್ಮನ ಕೊಳದ ಖರ್ಚು ಇಳಿದ ಬಗೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಶ್ರೀ ಚಿಕ್ಕಬಸಪ್ಪನವರೇ, ತಿರುಮಕೂಡಲು ನರಸೀಪುರದಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಪದಾಧಿಕಾರಿಗಳೇ, ಮುಂದಿನ ಸಾಲು ಬರಿದಾಗಿದ್ದರೂ ಹಿಂದಿನ ಸಾಲನ್ನೇ ಆರಿಸಿಕೊಂಡು ಕುಳಿತಿರುವ ಸಭಿಕ ಬಂಧುಗಳೇ,

ನೀವು ಹೊದಿಸಿದ ಶಾಲಿಗಾಗಿ ಮೊದಲು ವಂದಿಸುತ್ತೇನೆ. ಆಯುಷ್ಯದ ಬಹುಭಾಗ ಕಾಲೇಜಿನಲ್ಲಿ ಕನ್ನಡ ಬೋಧಿಸಿದ್ದಕ್ಕೆ ದೊರೆಯದ ಶಾಲು, ಸೋದರಳಿಯನ ಮನೆಯ ಈಜುಕೊಳದ ಖರ್ಚನ್ನು ಅರ್ಧಕ್ಕೆ ಇಳಿಸಿದ್ದಕ್ಕೆ ದೊರೆತಿದೆ. ಸರಸ್ವತಿಗಿಂತ ಗಂಗೆಯೇ ಉದಾರಿ ಎಂದು ತಿಳಿಯೋಣವೇ?

ಕಪಿಲೆ ಹರಿಯುವ ನಂಜನಗೂಡಿನಲ್ಲಿ ಮನೆಯಂಗಳಕ್ಕೊಂದು ಕೊಳವೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಾನೂ ಕೇಳಿದ್ದೆ. ಅಮೃತೇಶ ಅದನ್ನು ಕಟ್ಟಿಸಿದ್ದು ತನ್ನ ತಾಯಿಗಾಗಿ, ಅಂದರೆ ನನ್ನ ಅಕ್ಕ ಚನ್ನಾಜಮ್ಮನಿಗಾಗಿ. ಆಕೆಯ ಮೊಣಕಾಲುಗಳು ಸವೆದಿವೆ. ನೀರಿನೊಳಗೆ ನಡೆದಾಡಿದರೆ ನೋವು ತಗ್ಗೀತು ಎಂದು ವೈದ್ಯರು ಹೇಳಿದ್ದರು. ನದಿಯ ಮೆಟ್ಟಿಲುಗಳಲ್ಲಿ ಪಾಚಿ, ಅಣೆಕಟ್ಟೆಯಿಂದ ನೀರು ಬಿಟ್ಟಾಗ ಸೆಳೆತ. ಆದುದರಿಂದ ಕೊಳ. ಅಕ್ಕ ಬೆಳಗಿನ ಹೊತ್ತು ಸೆರಗನ್ನು ಸೊಂಟಕ್ಕೆ ಬಿಗಿದು, ಎದೆಮಟ್ಟದ ನೀರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ನೆಲದ ಮೇಲೆ ಕುಂಟುವವಳು ನೀರಿನಲ್ಲಿ ಕುಂಟುತ್ತಿರಲಿಲ್ಲ.

ವರ್ಷ ತುಂಬುವುದರೊಳಗೆ ಅಮೃತೇಶ ನನ್ನಲ್ಲಿಗೆ ಬಂದ.

"ಮಾವ, ಕರೆಂಟು, ಕೊಳಕ್ಕಾಕೋ ಔಷಧಿ, ಟ್ಯಾಂಕರ್ ನೀರು ಅಂತ ಸುರ್ದು ಸುರ್ದು ಸಾಕಾಗೋಯ್ತು. ಇನ್ನೊಂದೆರಡ್ ತಿಂಗ್ಳು ನೋಡ್ತೀನಿ. ಆಗ್ನಿಲ್ಲಾಂದ್ರೆ ಮಣ್ ತುಂಬ್ಸಿ ರಸಬಾಳೆ ಆಕ್ಬುಡ್ತೀನಿ" ಎಂದ.

ರಸಬಾಳೆ ನಮ್ಮೂರಿನ ಕೀರ್ತಿ, ಒಪ್ಪುತ್ತೇನೆ. ಆದರೆ ಬಾಳೆಯ ಸಾಲಿನಲ್ಲಿ ನಡೆದಾಡಿದರೆ ಮೊಣಕಾಲು ವಾಸಿಯಾದೀತೇ? ಕೊಳ ಉಳಿಯಬೇಕಾದರೆ ಖರ್ಚು ಇಳಿಯಬೇಕು. ಆ ಹೊಣೆಯನ್ನು ನಾನು ಹೊತ್ತೆ.

ಏನು ಮಾಡಿದೆನೆಂಬುದನ್ನು ಹೇಳಲೆಂದೇ ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ತೋಟದ ಮನೆಗಳಲ್ಲಿ ಕೊಳ ಕಟ್ಟಿಸಿಕೊಂಡವರು ಆಲಿಸಬೇಕು. ನೀರು ಸೋರುತ್ತಿದೆಯೋ, ಬಿಸಿಲಿಗೆ ಆರುತ್ತಿದೆಯೋ, ಅದನ್ನು ಮೊದಲು ಅರಿಯಿರಿ. ಕೊಳದ ಮೇಲಿನ ಮೆಟ್ಟಿಲಿನಲ್ಲಿ ಒಂದು ಬಕೆಟ್ ಇರಿಸಿ, ಕೊಳದ ನೀರನ್ನೇ ಕೊಳದ ಮಟ್ಟಕ್ಕೆ ತುಂಬಿರಿ. ಮರುದಿನ ಎರಡೂ ಸಮನಾಗಿ ಇಳಿದಿದ್ದರೆ ದೋಷ ಬಿಸಿಲಿನದು; ಕೊಳದ್ದೇ ಹೆಚ್ಚು ಇಳಿದಿದ್ದರೆ ಎಲ್ಲಿಯೋ ಬಿರುಕಿದೆ. ನಮ್ಮದು ಬಿಸಿಲಿನ ದೋಷ. ಕೊಳಕ್ಕೆ ಹೊದಿಕೆ ತರಿಸಿದೆವು. ಟ್ಯಾಂಕರ್ ಬರುವುದು ಅಪರೂಪವಾಯಿತು, ಪಕ್ಕದ ಹೊಂಗೆಯ ಎಲೆ ನೀರಿಗೆ ಬೀಳುವುದು ನಿಂತಿತು. ಹಗಲಿರುಳೂ ಓಡುತ್ತಿದ್ದ ಪಂಪನ್ನು ನೀರು ತಿಳಿಯಾಗಿರಲು ಬೇಕಾದಷ್ಟೇ ಹೊತ್ತು ಓಡಿಸಿದೆವು. ಪಂಪು ಎಂದೆ, ಕ್ಷಮಿಸಿ. ನೀರೆತ್ತುವ ಯಂತ್ರವೆಂದರೆ ರಿಪೇರಿಯವನು ಬೇರೆ ಮನೆಗೆ ಹೊರಟುಬಿಡುತ್ತಾನೆ.

ಇಷ್ಟಾದರೂ ನೀರು ಸೋಸುವ ಶೋಧಕ ಮಾತ್ರ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಅದನ್ನು ತೊಳೆಯಲು ಮತ್ತೆ ನೀರು, ಕದಡಿದ ಕೊಳಕ್ಕೆ ಮತ್ತೆ ಔಷಧಿ. ಕಾರಣವೇನು? ಬಿಚ್ಚಿಸಿ ನೋಡಿದೆ. ಸೇವಂತಿಗೆಯ ಎಸಳು, ಅರಿಶಿನದ ಜಿಡ್ಡು, ಹಾಲಿನ ಕೆನೆಯಂಥದೊಂದು ಪೊರೆ. ಅಕ್ಕ ನೀರಿಗಿಳಿಯುವ ಮುನ್ನ ದಿನವೂ ಗಂಗೆಪೂಜೆ ಮಾಡುತ್ತಿದ್ದಳು! ಹರಿಯುವ ಹೊಳೆ ಅದನ್ನೆಲ್ಲ ಒಯ್ಯುತ್ತದೆ. ನಿಂತ ಕೊಳ ಎಲ್ಲಿಗೆ ಒಯ್ಯಬೇಕು?

ನಾನೊಂದು ಫಲಕ ಬರೆಸಿದೆ. "ಹಾಲು, ಹೂವು, ಅರಿಶಿನ, ಕುಂಕುಮಗಳನ್ನು ಕೊಳದೊಳಗೆ ಹಾಕುವುದನ್ನು ನಿಷೇಧಿಸಲಾಗಿದೆ." ನಿಂತು ಎರಡು ಸಲ ಓದಿದೆ, ತಿದ್ದಬೇಕಾದ ಒಂದಕ್ಷರವೂ ಇರಲಿಲ್ಲ. ಗೋಡೆಗೆ ಹೊಡೆಸಿ ಮನೆಗೆ ಬಂದೆ.

ಕೊಳ ಸ್ಫಟಿಕವಾಯಿತು. ಖರ್ಚು ಅರ್ಧಕ್ಕಿಳಿಯಿತು. ಅಮೃತೇಶ ರಸಬಾಳೆಯ ಮಾತನ್ನೇ ಬಿಟ್ಟ. ಆಮೇಲೊಂದು ಬೆಳಗ್ಗೆ ಹೋಗಿ ನೋಡುತ್ತೇನೆ, ಕೊಳದ ಹೊದಿಕೆ ಮುಚ್ಚಿದಂತೆಯೇ ಇದೆ. ಅಕ್ಕ ಅಂಚಿನ ಕಲ್ಲುಬೆಂಚಿನ ಮೇಲೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಾಳೆ.

"ಇಳಿಯಲಿಲ್ಲವೇನಕ್ಕ?" ಎಂದೆ.

"ಗಂಗಮ್ಮನ್ಗೆ ಕೈ ಮುಗೀದೆ ನೀರ್ಗಿಳಿಯಕ್ಕೆ ನಾನೇನ್ ಎಮ್ಮೆ ಏನ್ಲಾ?" ಎಂದಳು. ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಅಲ್ಲ ಕಣ್ಲಾ, ನಿನ್ನ್ ಒಡಹುಟ್ದೋಳ್ಗೆ ಬೋರ್ಡ್ ಬರ್ದು ಏಳ್ಬೇಕಾ? ಬಾಯಲ್ಲಿ ಏಳಕ್ಕೇನಾಗಿತ್ತು? ಅಷ್ಟ್ ಓದ್ದೋನು!"

ಸಭಿಕರೇ, ನನಗೆ ಈಜು ಕಲಿಸಿದವಳು ಈ ಅಕ್ಕ. ಒಣಗಿದ ಸೋರೆಬುರುಡೆಯನ್ನು ನನ್ನ ಸೊಂಟಕ್ಕೆ ಕಟ್ಟಿ, ಕಪಿಲೆಯ ಮೆಟ್ಟಿಲ ಮೇಲೆ ನಿಲ್ಲಿಸಿ, "ಮೊದ್ಲು ಕಣ್ಣಿಗೊತ್ಕೊ, ಆಮೇಲೆ ಕಾಲಿಡು" ಎನ್ನುತ್ತಿದ್ದಳು. ಬೊಗಸೆ ನೀರನ್ನು ಕಣ್ಣಿಗೊತ್ತಿಕೊಳ್ಳದೆ ಒಂದು ದಿನವೂ ನನ್ನನ್ನು ಇಳಿಯಗೊಡಲಿಲ್ಲ. ಇದು ನನಗೆ ಯಾವಾಗ ನೆನಪಾಗಬೇಕಿತ್ತು? ಫಲಕದ ಅಕ್ಷರಗಳನ್ನು ಪರೀಕ್ಷಿಸುವಾಗಲಲ್ಲವೇ?

ಅಂದಿನಿಂದ ಅವಳು ಇಳಿದಿಲ್ಲ. ನೀವು ಈ ಶಾಲು ಹೊದಿಸಲು ಕಾರಣವಾದ ಉಳಿತಾಯದಲ್ಲಿ ಅದರ ಪಾಲೂ ಇದೆ ಎಂಬುದನ್ನು ಬಲ್ಲಿರಾ? ಯಾರೂ ಇಳಿಯದ ಕೊಳಕ್ಕೆ ಔಷಧಿ ಕಡಿಮೆ ಸಾಕು. ಯಾರಿಗಾಗಿ ಉಳಿಸಿದೆವೋ ಅವಳೇ ಇಳಿಯದಿದ್ದರೆ, ಅದಕ್ಕಿಂತ ರಸಬಾಳೆಯೇ ಲೇಸಾಗಿತ್ತು, ಹಣ್ಣಾದರೂ ದೊರೆಯುತ್ತಿತ್ತು. ಇಂದು ಅಕ್ಕ ಈ ಸಭಾಂಗಣಕ್ಕೆ ಬಂದುದು ಮೊಮ್ಮಗಳು ಶಿವಾನಿಯ ಹೆಗಲು ಹಿಡಿದು. ಕೊಳಕ್ಕೆ ಇಳಿಯುತ್ತಿದ್ದ ಬೇಸಿಗೆಯಲ್ಲಿ ಅಕ್ಕ ಒಬ್ಬಳೇ ಬೀದಿಯ ತುದಿಯವರೆಗೆ ನಡೆಯುತ್ತಿದ್ದುದನ್ನು ನೀವೆಲ್ಲರೂ ಕಂಡಿದ್ದೀರಿ.

ಈ ಮೇಜಿನ ಮೇಲೊಂದು ಕಲಶವಿದೆ. ಅಲಂಕಾರಕ್ಕೆ ಇಟ್ಟಿದ್ದಾರೆಂದು ನೀವು ಭಾವಿಸಿರಬಹುದು. ಅದರಲ್ಲಿರುವುದು ಇಂದು ಬೆಳಗ್ಗೆ ನಾನೇ ಆ ಕೊಳದಿಂದ ತುಂಬಿ ತಂದ ನೀರು. ಕೊಳದ ನೀರನ್ನು ಹೀಗೆ ಕಲಶಕ್ಕೆ ತೆಗೆದು, ದಡದಲ್ಲಿಟ್ಟು, ಅದಕ್ಕೇ ಹೂವು, ಅದಕ್ಕೇ ಅರಿಶಿನ, ಅದಕ್ಕೇ ಹಾಲು. ಪೂಜೆಯಾದ ಮೇಲೆ ತೆಂಗಿನ ಬುಡಕ್ಕೆ. ಗಂಗೆ ಕೊಳದಲ್ಲಿದ್ದರೇನು, ಕಲಶದಲ್ಲಿದ್ದರೇನು? ಶೋಧಕವೂ ಕಟ್ಟದು, ಗಂಗೆಯೂ ಮುನಿಯಳು ಎಂದು ನನ್ನ ನಂಬಿಕೆ. ಆದರೆ ಒಪ್ಪಬೇಕಾದವಳು ನಾನು ಬರೆಸುವ ಫಲಕವನ್ನು ಓದಿ ಒಪ್ಪುವವಳಲ್ಲ. ಫಲಕವನ್ನು ನಿನ್ನೆಯೇ ಕೀಳಿಸಿದ್ದೇನೆ. ಅವಳನ್ನು ಬಾಯಿಬಿಟ್ಟು ಕೇಳುವುದಷ್ಟೇ ಉಳಿದಿದೆ.

ಕಲಶಪೂಜೆಯನ್ನು ಮುಖ್ಯ ಅತಿಥಿಗಳು ನೆರವೇರಿಸುವರೆಂದು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿದೆ. ಆ ಗೌರವವನ್ನು ಮೂರನೆಯ ಸಾಲಿನಲ್ಲಿ ಕುಳಿತಿರುವ ನನ್ನ ಅಕ್ಕನಿಗೆ ಬಿಟ್ಟುಕೊಡಲು ಅವರು ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ. ಅವರಿಗೂ, ಕೊಳದ ಲೆಕ್ಕ ಕೇಳಲು ಬಂದು ಮನೆಯ ಮಾತನ್ನೂ ತಾಳ್ಮೆಯಿಂದ ಕೇಳಿದ ನಿಮಗೂ ನಾನು ಋಣಿ. ಅಕ್ಕ ಈಗ ಛಾವಣಿಯ ಫ್ಯಾನನ್ನು ನೋಡುತ್ತಿದ್ದಾಳೆ. ಒಪ್ಪುವಳೋ ಇಲ್ಲವೋ ಅರಿಯೆ. ವೇದಿಕೆಯ ಮೆಟ್ಟಿಲೂ ಅವಳ ಮೊಣಕಾಲಿಗೆ ಎತ್ತರವೇ.

ಅಕ್ಕ, ನೀನ್ ಏಳ್ಬೇಡ, ಕೂತಿರು. ಕಲಶ ಎತ್ಕೊಂಡ್ ನಾನೇ ಕೆಳಕ್ ಬತ್ತೀನಿ.

ಸಭೆಗೆ ನಮಸ್ಕಾರ.