ಮೇಣದಬತ್ತಿ ಮನೆಯ ಸರದಿ

ನಗಬೇಡಿ. ಇದು ನನ್ನ ಚಿಕ್ಕಮ್ಮನ ಮಗ ಸೋಕಿಚಿಗೇ ಆದದ್ದು.

ಕಿಸೋ ಕಣಿವೆಯ ನಮ್ಮೂರು ಹಳೆಯದು, ಪೂರ್ತಿ ಮರದ್ದು. ಅದಕ್ಕೇ ರಾತ್ರಿಗೊಂದು ಮನೆಯವರು ಮರದ ತುಂಡು ಬಡಿಯುತ್ತ, "ಬೆಂಕಿ ಜೋಪಾನ" ಎಂದು ಕೂಗುತ್ತ ಬೀದಿ ಸುತ್ತಬೇಕು. ಮುಗಿದ ಮೇಲೆ, ಮನೆಗಳ ಹೆಸರು ಬರೆದ ಸರದಿಯ ಹಲಗೆ ಪಕ್ಕದ ಮನೆಗೆ ದಾಟುತ್ತದೆ. ಸುತ್ತುವಾಗ ಯಾರಾದರೂ ಕೇಳಿದರೆ ಮನೆಯ ಹೆಸರನ್ನಷ್ಟೇ ಹೇಳಬೇಕು, ಸ್ವಂತ ಹೆಸರನ್ನಲ್ಲ. ಯಾಕೆ ಅಂತ ನಾವು ಯಾವತ್ತೂ ಕೇಳಿದವರಲ್ಲ.

ಸೋಕಿಚಿ ನಗೋಯಾದವನು. ಹೆಂಡತಿಗೆ ದಿನ ತುಂಬಿತ್ತು. ಒಂದೇ ರಾತ್ರಿಗೆಂದು ಒತೋಸೆ ದೊಡ್ಡಮ್ಮನನ್ನು ನೋಡಲು ಬಂದಿದ್ದ. ಬೆಳಗ್ಗೆ ಮೊದಲ ರೈಲಿಗೆ ವಾಪಸ್. ಅಂದೇ ದೊಡ್ಡಮ್ಮನ ಸರದಿ, ಅಂದೇ ಅವಳ ಮಂಡಿ ಕೈಕೊಟ್ಟಿತ್ತು.

"ನಾನ್ ಹೋಗ್ಬರ್ತೀನಿ ಬಿಡು ದೊಡ್ಡಮ್ಮ."

"ಪೇಟೆ ಗಂಟಲು ನಿಂದು, ಬೆಕ್ಕಿಗೂ ಕೇಳ್ಸಲ್ಲ. ಹೋಗು. ಹಲಗೆ ನಾನೇ ದಾಟಿಸ್ತೀನಿ. ಯಾರಾದ್ರೂ ಕೇಳಿದ್ರೆ ಬಾಚಣಿಗೆ ಮನೆ ಅನ್ನು. ಅಷ್ಟೇ."

ಹಿಮ ಬೀಳುತ್ತಿತ್ತು. ಕಟ್... ಕಟ್. ಬೆಂಕಿ ಜೋಪಾನ. ಬಾವಿಯ ಹತ್ತಿರ ಬಂದಾಗ ಪಕ್ಕದ ಮನೆಯ ಬಾಗಿಲು ಸರಿಯಿತು... ಸರ್ರ್. ಒಳಗೆ ದೀಪವಿಲ್ಲ. ಹೆಂಗಸಿನ ಎರಡು ಕೈ ಹೊರಬಂದವು. ಕೈಯಲ್ಲಿ ಒಂದು ಹಲಗೆ.

"ಯಾರಪ್ಪಾ?" ಪಿಸುದನಿ.

"ಸೋಕಿಚಿ. ನಗೋಯಾದಿಂದ..." ಅಂದವನು ನಾಲಿಗೆ ಕಚ್ಚಿಕೊಂಡ.

"ತಗೋ ಸೋಕಿಚಿ. ನಮ್ ಸರದಿ ಮುಗೀತು."

ಎರಡೂ ಕೈಯಿಂದ ಕೊಟ್ಟದ್ದನ್ನು ಬೇಡ ಅನ್ನಲು ನಮ್ಮವರಿಗೆ ಬರುವುದಿಲ್ಲ. ತಗೊಂಡ.

"ನೀನಾದ್ಮೇಲೆ ಯಾರು?"

"ಯಾರೂ ಇಲ್ಲ... ಮಗು ಇನ್ನೂ ಹುಟ್ಟಿಲ್ಲ."

"ಆಗ್ಲಿ." ಸರ್ರ್... ಬಾಗಿಲು ಮುಚ್ಚಿತು.

ಮುಂದೆ ತಿರುವು, ತಿರುವಿನಾಚೆ ದೊಡ್ಡಮ್ಮನ ಮನೆ. ತಿರುಗಿದ. ಬಾವಿ. ಮತ್ತೆ ನಡೆದ, ತಿರುಗಿದ. ಮತ್ತೆ ಬಾವಿ... ಹಿಮದಲ್ಲಿ ತನ್ನದೇ ಹೆಜ್ಜೆಗಳು. ಇವನು ಎರಡು ಸಲ ಬಡಿದರೆ ಹಿಂದಿನಿಂದ ಮೂರನೆಯದು ಕೇಳುತ್ತಿತ್ತು. ಕಟ್. ಸಿಕ್ಕ ಬಾಗಿಲನ್ನೆಲ್ಲ ತಟ್ಟಿದ. ಗೋಡೆ ತಟ್ಟಿದ ಹಾಗೆ, ಒಳಗೆ ಸದ್ದೇ ಇಲ್ಲ. ಹಲಗೆ ಎಸೆಯಲು ನೋಡಿದ, ಬೆರಳು ಬಿಚ್ಚಲಿಲ್ಲ. ಇನ್ನು ಮಗುವಿನ ಮುಖ ನೋಡುವುದಿಲ್ಲ ಎಂದು ಬೀದಿಯಲ್ಲೇ ಕೂತು ಅತ್ತನಂತೆ.

ಆಗ ದೂರದಿಂದ ಪಾತ್ರೆಯ ಮುಚ್ಚಳದ ಸದ್ದು... ಢಣ್, ಢಣ್.

"ಬಾಚಣಿಗೆ ಮನೆಯವ್ನೇ... ಬಾಚಣಿಗೆ ಮನೆಯವ್ನೇ, ಒಳಗ್ ಬಾರೋ."

ಕಣ್ಣು ಮುಚ್ಚಿಕೊಂಡು ಸದ್ದಿನ ಕಡೆ ನಡೆದ. ಹೊಸ್ತಿಲು ಕಾಲಿಗೆ ತಗುಲಿತು. ದೊಡ್ಡಮ್ಮ ಹಲಗೆ ಕಿತ್ತುಕೊಂಡಳು. ಸುಟ್ಟು ಕರಿಯಾದ ಹಲಗೆ.

"ಯಾರ್ ಕೊಟ್ರು?"

"ಬಾವಿ ಪಕ್ಕದ ಮನೆಯವ್ರು."

"ಬಾವಿ ಪಕ್ಕ ಮನೆ ಎಲ್ಲಿದ್ಯೋ... ಮೇಣದಬತ್ತಿ ಮನೆ ಸುಟ್ಟು ಅರವತ್ತು ವರ್ಷ ಆಯ್ತು. ನಿನ್ ಹೆಸರು ಹೇಳಿದ್ಯಾ?"

ಬೆಳಗ್ಗೆ ದೊಡ್ಡಮ್ಮ ಕುಂಟುತ್ತ ಹೋಗಿ ಹಲಗೆಯನ್ನು ಬಾವಿಗೆ ಹಾಕಿದಳು. ಮುಳುಗಿದ್ದನ್ನು ಸೋಕಿಚಿಯೂ ನೋಡಿದ. ಆಮೇಲೆ ರೈಲು ಹತ್ತಿದ.

ಮೂರನೇ ದಿನಕ್ಕೆ ಹೆಣ್ಣು ಮಗು. ಏಳನೇ ರಾತ್ರಿ ಗಂಡ ಹೆಂಡತಿ ಇಬ್ಬರೇ ಕೂತು, ಪಿಸುಪಿಸು ಅಂತಲೇ ಹೆಸರು ಆರಿಸಿದರು. ಯಾರಿಗೂ ಹೇಳಿರಲಿಲ್ಲ.

ಬೆಳಗ್ಗೆ ಆರನೇ ಮಹಡಿಯ ಅವರ ಬಾಗಿಲ ಹಿಡಿಗೆ ಆ ಹಲಗೆ ತೂಗುತ್ತಿತ್ತು, ನೀರು ತೊಟ್ಟಿಕ್ಕುತ್ತ. ಹಲಗೆಯ ಮೇಲ್ತುದಿಯಲ್ಲಿ ಮೇಣದಬತ್ತಿ ಮನೆ ಎಂದು ಬರೆದಿತ್ತು. ಅದರ ಕೆಳಗೆ ಸೋಕಿಚಿ. ಅದರ ಕೆಳಗೆ ಮಗುವಿನ ಹೆಸರು.

ಆ ಹೆಸರು ನಾನು ಹೇಳುವುದಿಲ್ಲ. ಮಗುವನ್ನೂ ಅವರು ಬೇರೆ ಹೆಸರಿನಿಂದ ಕರೆಯುತ್ತಾರೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಹುಡುಗಿಗೆ ಈಗ ಆರು ವರ್ಷ. ಹೋದ ವಾರ ಅವರ ಮನೆಯಲ್ಲಿ ಆ ಹಲಗೆಯನ್ನು ನಾನೇ ಕೈಯಲ್ಲಿ ಹಿಡಿದು ನೋಡಿದೆ.

ಇನ್ನೂ ಒದ್ದೆಯಾಗಿತ್ತು.